ಕೆಳಗೆ ಉರಿ

ನಮ್ಮ ಮನೆಯಲ್ಲಿ ಅತ್ತೆಯ ಕತೆಯನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ: "ಭಂಗಿ ತಿಂದು ತಿಂದು ಕಾಲು ಕಳ್ಕೊಂಡ್ಳು." ಹೇಳುವವರು ಅಮ್ಮ. ಅತ್ತೆ ಅಪ್ಪನಿಗೆ ಸ್ವಂತ ಅಕ್ಕ. ಆದರೂ ಆ ವಾಕ್ಯ ಬಂದಾಗಲೆಲ್ಲ ಅಪ್ಪ ಮರುಮಾತಾಡದೆ ಎದ್ದು, ಪಂಪ್ ಆಫ್ ಆಗಿದೆಯೋ ಇಲ್ಲವೋ ನೋಡಿ ಬರಲು ಹೊರಡುತ್ತಾರೆ. ಪಂಪ್ ಯಾವಾಗಲೂ ಆಫ್ ಆಗಿಯೇ ಇರುತ್ತದೆ.

ಆ ವಾಕ್ಯದ ಮೇಲೆ ನನಗೆ ಬಹಳ ಕಾಲದಿಂದ ತಕರಾರಿತ್ತು. ಅತ್ತೆ ಭಂಗಿ ಸೊಪ್ಪು ತಿನ್ನುವುದು ನಿಜ. ಅತ್ತೆಯ ಕಾಲು ಸರಿಯಿಲ್ಲದಿರುವುದೂ ನಿಜ. ಆದರೆ ನಡುವೆ ಇರುವ ಆ 'ತಿಂದು ತಿಂದು' ಎಂಬ ಕೊಂಡಿಯನ್ನು ಹಾಕಿದವರು ಯಾರು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿ ಮಾತು ಶುರು ಮಾಡಿದರೆ ನಾವು ಕಿವಿಗೊಡುತ್ತಿದ್ದದ್ದು ಇಂಥ ಕೊಂಡಿಗಳಿಗೇ. ಕೋಳಿ ಕೂಗಿತು, ಬೆಳಗಾಯಿತು, ಆದ್ದರಿಂದ ಬೆಳಗು ಮಾಡಿದ್ದು ಕೋಳಿ ಎನ್ನುವವರನ್ನು ಕೆಡವುವುದು ಸುಲಭ. ಬರೀ ಒಂದು ಪ್ರಶ್ನೆ ಸಾಕು.

"ಅಮ್ಮಾ, ಭಂಗಿ ಮೊದಲೋ, ಕಾಲು ಮೊದಲೋ?"

"ಅನ್ನ ಬಡಿಸಿದ್ರೆ ಅನ್ನಕ್ಕೂ ಆಕ್ಷೇಪ ಎತ್ತುತೀಯ ನೀನು. ಸುಮ್ನೆ ಉಣ್ಣು ಮಾರಾಯ್ತಿ."

ಅಂದರೆ ಉತ್ತರ ಗೊತ್ತಿಲ್ಲ ಎಂದರ್ಥ. ಹಾಗಾಗಿ, ಕಾನೂನು ಕಾಲೇಜಿಗೆ ರಜೆ ಸಿಕ್ಕಾಗ, ಉತ್ತರ ಗೊತ್ತಿರುವವರ ಬಳಿಯೇ ಹೋಗಿ ಕೂತೆ.

ಅತ್ತೆ ಹೆಂಗಸರ ಟೈಲರ್. ಅಂಗಡಿ ಎಲ್ಲಿ ಎಂದು ಬರೆಯುವುದಿಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಈ ಮೂರು ತಾಲೂಕುಗಳಲ್ಲಿ ಎಲ್ಲೋ ಒಂದು ಕಡೆ, ಜಯಪುರದಂಥದೇ ಒಂದು ಪೇಟೆಯಲ್ಲಿ, ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಎಂದುಕೊಂಡರೆ ಸಾಕು. ಬರೆಯುತ್ತೇನೆ ಎಂದಾಗ ಅತ್ತೆ ಒಪ್ಪಿದ್ದು ಆ ಷರತ್ತಿನ ಮೇಲೆ. "ಬರಿ, ಬರಿ. ಮೂರು ತಾಲೂಕಲ್ಲಿ ಎಷ್ಟು ಟೈಲರ್ ಇದಾರೆ ಹುಡುಕ್ಲಿ. ನಿನ್ನಮ್ಮ ಧಾರಾವಾಹಿ ಬಿಟ್ಟು ಓದಿದ ದಿನ ನೋಡಣ." ಇನ್ನೂ ಕೆಲವು ವಿಷಯಗಳನ್ನು ನಾನೇ ಅದಲು ಬದಲು ಮಾಡಿದ್ದೇನೆ. ಯಾವುವು ಎಂದು ಕೇಳಬೇಡಿ.

ಬೇರೆ ಟೈಲರುಗಳು ಅಳತೆಗೆ ಹಳೆಯ ಬ್ಲೌಸು ತಂದುಕೊಡಿ ಎನ್ನುತ್ತಾರೆ. ಅತ್ತೆ ಒಪ್ಪುವುದಿಲ್ಲ. ಹಳೇ ಬ್ಲೌಸು ಹಳೇ ಮೈಯ ಅಳತೆ ಹೇಳುತ್ತದೆ ಎಂಬುದು ಅವರ ವಾದ. ಕುತ್ತಿಗೆಗೆ ಟೇಪು ಹಾಕಿಕೊಂಡು ತಾವೇ ಎದ್ದು ಬಂದು, ಭುಜ, ಎದೆ, ತೋಳು ಮುಟ್ಟಿ ಅಳೆಯುತ್ತಾರೆ. ಆ ಕೈಗೋಸ್ಕರವೇ ಕಡಹಿನಬೈಲಿನ ಕಡೆಯಿಂದಲೂ ಮದುವೆ ಬ್ಲೌಸುಗಳು ಬರುತ್ತವೆ. ಮಿಶನ್ನಿಗೆ ಮೋಟರು ಹಾಕಿಸಿಲ್ಲ. ಕರೆಂಟು ಇರುವಾಗ ಮಾತ್ರ ಹೊಲಿಯುವುದಾದರೆ ನಮ್ಮ ಕಡೆ ಮಳೆಗಾಲವಿಡೀ ಅಂಗಡಿ ಮುಚ್ಚಬೇಕು. ಹಾಗಾಗಿ ಎಲ್ಲ ಕಾಲಿನ ಮೇಲೆಯೇ ನಿಂತಿದೆ.

ಆ ಕಾಲುಗಳನ್ನು ನಾನು ಅಂಗಡಿಯಲ್ಲಿ ಕೂತ ಮೊದಲ ದಿನವೇ ನೋಡಿದೆ. ಮಿಶನ್ನಿನ ಕೆಳಗೆ ಒಂದು ನೀಲಿ ಬೇಸಿನ್ ಇತ್ತು, ಅದರಲ್ಲಿ ನೀರು. ಸ್ವಲ್ಪ ಹೊಲಿಯುವುದು, ಪೆಡಲ್ಲಿನಿಂದ ಕಾಲು ತೆಗೆದು ನೀರಿಗಿಡುವುದು, ಒರೆಸಿಕೊಂಡು ಮತ್ತೆ ಹೊಲಿಯುವುದು. ಮಳೆಗಾಲದ ಚಳಿಯಲ್ಲಿ ನಾನು ಸ್ವೆಟರ್ ಹಾಕಿಕೊಂಡು ಕೂತಿದ್ದರೆ ಅತ್ತೆ ಅಂಗಾಲು ಉರಿ ಎಂದು ತಣ್ಣೀರಲ್ಲಿ ಕಾಲಿಟ್ಟುಕೊಂಡಿದ್ದರು. ಆ ವಾರವೇ ಇನ್ನೊಂದು ನಡೆಯಿತು. ಅತ್ತೆ ಬಸ್ಸಿನಿಂದ ಇಳಿದು ಅಂಗಡಿಯವರೆಗೆ ಬಂದಾಗ ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ಬಸ್ಸಿನಲ್ಲೇ ಕಳಚಿಕೊಂಡದ್ದು ಅವರಿಗೆ ತಿಳಿದೇ ಇರಲಿಲ್ಲ. ಉರಿಯೂ ಇದೆ, ಮುಟ್ಟಿದ್ದೂ ತಿಳಿಯುವುದಿಲ್ಲ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ನನ್ನ ಕುತೂಹಲ ಶುರುವಾದದ್ದೇ ಅಲ್ಲಿ.

ನಾನು ಕೇಳುವ ಮೊದಲೇ ಅತ್ತೆ ಕೇಳಿದರು. ಗಿರಾಕಿಗಳಿರಲಿಲ್ಲ. ಡ್ರಾಯರಿನಿಂದ ಒಂದು ಸಣ್ಣ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಎಲೆಯನ್ನು ತುಪ್ಪದಲ್ಲಿ ಹುರಿದು ಬೆಲ್ಲ ಹಾಕಿ ಕಟ್ಟಿದ ಗೋಲಿ ಗಾತ್ರದ ಉಂಡೆಗಳು.

"ನೀನು ಲಾ ಓದ್ತೀಯಲ್ಲ ಲಾಯರಮ್ಮ, ಇದನ್ನ ತಿಂದ್ರೆ ಜೈಲಾ?"

ನಾನು ಗಂಟಲು ಸರಿ ಮಾಡಿಕೊಂಡೆ. ಈ ಗಿಡದ ಮೇಲೆ ಪರವಾಗಿ ಒಂದು ಸಲ, ವಿರೋಧವಾಗಿ ಒಂದು ಸಲ ವೇದಿಕೆ ಹತ್ತಿದವಳು. ಹೂವಿನ ತುದಿ ಗಾಂಜಾ, ಎಲೆ ಭಂಗಿ. ಮಾದಕ ವಸ್ತುಗಳ ಕೇಂದ್ರ ಕಾನೂನು ಹಿಡಿಯುವುದು ತುದಿಯನ್ನು, ಬರೀ ಎಲೆಯ ಬಗ್ಗೆ ರಾಜ್ಯಕ್ಕೊಂದು ಮಾತು, ಕೋರ್ಟಿಗೊಂದು ಮಾತು. ಗಿಡ ಬೆಳೆಸುವುದಂತೂ ತಪ್ಪು. ಇಷ್ಟನ್ನು ಹೇಳಿದೆ.

"ಅಂದ್ರೆ ಜೈಲು ಹೌದಾ, ಅಲ್ವಾ?"

"ಖಂಡಿತವಾಗಿ ಹೇಳೋಕಾಗಲ್ಲ."

"ಇಷ್ಟು ಓದೀನಾ?"

"ಇಷ್ಟು ಓದಿದ್ದಕ್ಕೇ ಅತ್ತೆ."

ಅವರು ಕೇಳಿದ್ದಕ್ಕೆ ಕಾರಣವಿತ್ತು. ಉಂಡೆಯ ಸೊಪ್ಪು ತಂದುಕೊಡುವುದು ಕೆರೆಕಟ್ಟೆ ಕಡೆಯ ಒಬ್ಬ ಮುದುಕ. ದನಕ್ಕೆ ಭೇದಿ ಹತ್ತಿದರೆ ಕೊಡುವ ನಾಟಿ ಮದ್ದು ಎಂದು ಚೀಲದಲ್ಲಿ ತರುತ್ತಾನೆ. ಅಂಗಡಿಯ ಹೊರಗೇ ನಿಂತು "ದನ ಹೆಂಗದೆ?" ಎಂದು ಕೇಳುತ್ತಾನೆ. ಅತ್ತೆ "ಹಂಗೇ ಉಂಟು" ಎನ್ನುತ್ತಾರೆ. ಅತ್ತೆಯ ಮನೆಯಲ್ಲಿ ದನವೇ ಇಲ್ಲ. ಈಗ ಆ ಕಡೆ ಪೊಲೀಸರು ಗಾಡಿ ನಿಲ್ಲಿಸಿ ಚೀಲ ಬಿಚ್ಚಿ ನೋಡುತ್ತಿದ್ದಾರೆಂದು ಮುದುಕ ಹೆದರಿಸಿ ಹೋಗಿದ್ದ.

"ಜೈಲಾದ್ರೂ ಆಗ್ಲಿ," ಎಂದರು ಅತ್ತೆ. "ನಂಗೆ ಹೆದರಿಕೆ ಅದಲ್ಲ. ಆಸ್ಪತ್ರೇಲಿ ಗೊತ್ತಾದ್ರೆ ಮಾತ್ರೆ ನಿಲ್ಲಿಸ್ತಾರೇನೋ ಅಂತ."

"ಯಾವ ಮಾತ್ರೆ?"

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ, ಅದೇ ಡ್ರಾಯರಿನಿಂದ ಇನ್ನೊಂದು ಡಬ್ಬಿ ತೆಗೆದರು. ಅದರ ಲೇಬಲ್ ಕಿತ್ತುಹಾಕಿದ್ದರು. ಮಾವ ಟಿ.ಬಿ.ಯಿಂದ ಹೋದರು ಎಂದು ನಾವೆಲ್ಲ ತಿಳಿದಿದ್ದೆವು. ಅದು ಸುಳ್ಳಲ್ಲ, ಆದರೆ ಟಿ.ಬಿ.ಯ ಹಿಂದೆ ಎಚ್.ಐ.ವಿ. ಇತ್ತು. ಮಾವನಿಂದ ಅತ್ತೆಗೂ ಬಂದಿತ್ತು. ಅಪ್ಪನಿಗೆ ಮಾತ್ರ ಗೊತ್ತು. ಕಾಯಿಲೆ ಗೊತ್ತಾದಂದಿನಿಂದ ಅತ್ತೆ ಒಂದು ದಿನವೂ ಬಿಡದೆ ಮಾತ್ರೆ ನುಂಗುತ್ತಿದ್ದಾರೆ, ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಾಗಿದೆ. "ನಿನ್ನ ಅಪ್ಪನ ಶುಗರ್‌ಗಿಂತ ನನ್ನ ರಿಪೋರ್ಟು ಚೆನ್ನಾಗುಂಟು" ಎಂದು ನಕ್ಕರು.

ನಗದೇ ಹೇಳಿದ್ದು ಮುಂದಿನದನ್ನು. "ಇದು ಹೊರಗೆ ಹೋದ್ರೆ ಯಾವಳೂ ನನ್ನ ಎದ್ರಿಗೆ ಕೈ ಎತ್ತಿ ನಿಲ್ಲಲ್ಲ."

"ಮುಟ್ಟಿದರೆ ಬರಲ್ಲ ಅತ್ತೆ. ಶಾಲೆ ಪುಸ್ತಕದಲ್ಲೇ ಇದೆ."

"ಪುಸ್ತಕದಲ್ಲಿ ಇರದು ಪರೀಕ್ಷೆಗೆ. ಎದೆ ಅಳತೆ ಕೊಡಕ್ಕಲ್ಲ."

ನನಗೆ ಗೊತ್ತಿರುವ ಕೆಲಸಕ್ಕೆ ಮರಳಿದೆ, ಎಂದರೆ ಪ್ರಶ್ನೆ ಕೇಳುವುದಕ್ಕೆ. ಭಂಗಿ ಮೊದಲೋ, ಉರಿ ಮೊದಲೋ? ಉರಿ ಮೊದಲು, ಎಂದರು ಅತ್ತೆ, ಎಷ್ಟೋ ಮೊದಲು. ಮಾತ್ರೆ ಶುರು ಮಾಡಿದ ಸ್ವಲ್ಪ ಕಾಲಕ್ಕೆ ಕಾಲ್ಬೆರಳ ತುದಿಯಲ್ಲಿ ಜೋಮು ಹಿಡಿದ ಹಾಗಾಯಿತು, ಆಮೇಲೆ ಅಂಗಾಲಿಗೆ ಹರಡಿತು. ನಂತರ ಕೆಂಡದ ಮೇಲೆ ನಿಂತ ಹಾಗೆ. ಹೊದಿಕೆ ತಾಗಿದರೂ ಆಗುತ್ತಿರಲಿಲ್ಲ. ಭಂಗಿ ಬಂದದ್ದು ಹೊಲಿಯಲು ಕೂರಲಾರದ ಸ್ಥಿತಿ ಬಂದ ಮೇಲೆ.

"ತಿಂದ್ರೆ ಉರಿ ಹೋಗುತ್ತಾ?"

"ಹೋಗಲ್ಲ. ಪಕ್ಕದ ಮನೆಗೆ ಹೋಗಿ ಕೂತ್ಕೊಂಡ ಹಾಗೆ ಆಗ್ತದೆ. ಕೂಗದು ಕೇಳ್ತದೆ. ಆದ್ರೆ ನಮ್ಮನೆ ಜಗಳ ಅಲ್ಲ ಅನ್ನಸ್ತದೆ."

ಎರಡು ಸಲ ವೇದಿಕೆಯಲ್ಲಿ ಈ ಗಿಡದ ಬಗ್ಗೆ ಚಪ್ಪಾಳೆ ಗಿಟ್ಟಿಸಿದ ನನಗೆ ಇಂಥ ಒಂದು ವಾಕ್ಯ ಎಲ್ಲೂ ಸಿಕ್ಕಿರಲಿಲ್ಲ. ನೋವು ಕಡಿಮೆಯಾಗುವುದಕ್ಕೂ ನೋವು ದೂರ ಕೂರುವುದಕ್ಕೂ ವ್ಯತ್ಯಾಸವಿದೆಯಲ್ಲ! ಇದನ್ನು ಡಾಕ್ಟರಿಗೆ ಹೇಳಿದಿರಾ ಎಂದೆ.

"ಉರಿ ಅಂತ ಹೇಳಿದೀನಿ. ಪ್ರತಿ ಸಲ ಟೆಸ್ಟ್ ಮಾಡ್ತಾರೆ. ಏನಿಲ್ಲ ಅಂತಾರೆ."

"ಏನು ಟೆಸ್ಟು?"

"ಮೂತ್ರದ್ದು."

ನನ್ನ ಕಿವಿ ನೆಟ್ಟಗಾಯಿತು. ಅಂಗಾಲು ಉರಿಗೆ ಮೂತ್ರ ಯಾಕೆ? ಸಕ್ಕರೆ ಇದೆಯೋ ಎಂದು ನೋಡಿರಬಹುದು, ಸರಿ. ಆದರೆ ಪ್ರತಿ ಸಲವೂ? ಟೆಸ್ಟು ಮುಗಿದ ಮೇಲೆ ಏನೆನ್ನುತ್ತಾರೆ ಎಂದು ಕೇಳಿದರೆ, ನೀರು ಜಾಸ್ತಿ ಕುಡಿಯಿರಿ, ಬಾರ್ಲಿ ಕುಡಿಯಿರಿ, ಮಜ್ಜಿಗೆ ಕುಡಿಯಿರಿ ಎನ್ನುತ್ತಾರಂತೆ.

"ಅತ್ತೆ, ನೀವು ಹೇಳಿದ್ದು ಹೇಗೆ? ಅದೇ ಮಾತಲ್ಲಿ ಹೇಳಿ."

"ಎಂತ, ಕೆಳಗೆ ಉರಿ ಡಾಕ್ಟ್ರೇ ಅಂತ."

ನಾನು ತಲೆಯ ಮೇಲೆ ಕೈ ಇಟ್ಟುಕೊಂಡೆ. ಎಚ್.ಐ.ವಿ. ವಿಭಾಗದಲ್ಲಿ ಒಬ್ಬ ಹೆಂಗಸು ಬಂದು, ತಲೆ ತಗ್ಗಿಸಿ, 'ಕೆಳಗೆ ಉರಿ' ಎಂದರೆ ಯಾವ ಡಾಕ್ಟರ್ ತಾನೇ ಅಂಗಾಲು ಎಂದುಕೊಂಡಾರು?

"ಕಾಲು ಅನ್ನೋಕೆ ಏನಾಗಿತ್ತು?"

"ಕಾಲು ಅಂದ್ರೆ ತೋರ್ಸಿ ಅಂತಾರೆ ಮಾರಾಯ್ತಿ. ಅಷ್ಟು ಓದಿದ ಡಾಕ್ಟ್ರ ಮುಖಕ್ಕೆ ಕಾಲು ಚಾಚದಾ? ಬುದ್ಧಿ ಇರೋರು ಮಾಡೋ ಕೆಲ್ಸನಾ ಅದು?"

"ನೋವಿದೆಯಾ ಅಂತ ಕೇಳಲ್ವಾ ಅವರು?"

"ಕೇಳ್ತಾರೆ. ಇಲ್ಲ ಅಂತೀನಿ. ನೋವಿಲ್ವಲ್ಲ. ಉರಿ."

ಈ ಅವಘಡದಲ್ಲಿ ಯಾರನ್ನು ದೂರುವುದು? ಡಾಕ್ಟರುಗಳು ಬದಲಾಗುತ್ತಲೇ ಇದ್ದರು, ಪ್ರತಿಯೊಬ್ಬರೂ ಕೇಳಿದ ಮಾತಿಗೆ ಸರಿಯಾದ ಪರೀಕ್ಷೆಯನ್ನೇ ಬರೆದಿದ್ದರು. ಅತ್ತೆಯೂ ಸುಳ್ಳಾಡಿರಲಿಲ್ಲ, ಕಾಲು ಇರುವುದು ಕೆಳಗೇ. ಬಾರ್ಲಿ ನೀರು ಕುಡಿದೂ ಕುಡಿದೂ ಕಾಲಿಗೆ ಏನೂ ಆಗದಿದ್ದಾಗ ಅತ್ತೆ 'ಇದಕ್ಕೆ ಇಂಗ್ಲಿಷ್ ಮದ್ದಿಲ್ಲ' ಎಂದು ತೀರ್ಮಾನಿಸಿ ದನದ ಸೊಪ್ಪಿಗೆ ಹೋಗಿದ್ದರು.

ಮುಂದಿನ ಸಲ ಮಾತ್ರೆ ತರಲು ನಾನೂ ಜೊತೆಗೆ ಹೊರಟೆ. ಅತ್ತೆ ಹತ್ತಿರದ ಆಸ್ಪತ್ರೆಗೆ ಹೋಗುವುದಿಲ್ಲ. ಬಸ್ಸು ಬದಲಿಸಿ, ಯಾರೂ ಗುರುತು ಹಿಡಿಯದಷ್ಟು ದೂರ ಹೋಗುತ್ತಾರೆ. ದಾರಿಯುದ್ದಕ್ಕೂ ನಮ್ಮದು ವಾದ. ಕಾಲಿನ ವಿಷಯ ಹೇಳಲು ಒಪ್ಪಿದರು. ಭಂಗಿಯ ವಿಷಯ ಮಾತ್ರ ಬಾಯಿ ಬಿಡಬಾರದು.

"ಎರಡೂ ಹೇಳಿದರೇನೇ ಸರಿಯಾದ ಔಷಧ ಸಿಗೋದು."

"ಎರಡೂ ಹೇಳಿ ಮಾತ್ರೆ ನಿಂತ್ರೆ? ನೀನು ಹೊಲಿತೀಯಾ ಬ್ಲೌಸು? ಗುಂಡಿಗೆ ಕಾಜ ಹೊಡಿಯಕ್ಕೂ ಬರಲ್ಲ ನಿಂಗೆ."

ಬಾಯಿ ತೆರೆಯುವುದಿಲ್ಲ ಎಂದು ಮಾತು ಕೊಡಬೇಕಾಯಿತು. ಮಾತನಾಡುವುದನ್ನೇ ಕಲಿತವಳಿಗೆ ಅದು ಎಷ್ಟು ಕಷ್ಟವೆಂದು ಹೇಳಿ ಪ್ರಯೋಜನವಿಲ್ಲ.

ಆ ಸಲ ಇದ್ದದ್ದು ಬಯಲುಸೀಮೆಯ ಕಡೆಯ ಒಬ್ಬ ಲೇಡಿ ಡಾಕ್ಟರ್, ನನಗಿಂತ ಸ್ವಲ್ಪವೇ ದೊಡ್ಡವರಿರಬೇಕು. ಅತ್ತೆ ನೆಲ ನೋಡುತ್ತಾ "ಕಾಲು ಉರಿ" ಎಂದರು. ಡಾಕ್ಟರ್ ಹಾಳೆಯ ಮೇಲಿಂದ ತಲೆ ಎತ್ತಿದರು. "ಕಾಲಾ?" ಕುರ್ಚಿಯಿಂದ ಎದ್ದು, ಬಗ್ಗಿ, ಅತ್ತೆಯ ಪಾದಕ್ಕೆ ಕೈ ಹಾಕಿದರು. ಅತ್ತೆ "ಅಯ್ಯೋ ಬ್ಯಾಡ, ಬ್ಯಾಡ" ಎಂದು ಕಾಲೆಳೆದುಕೊಂಡ ರಭಸಕ್ಕೆ ಸ್ಟೂಲು ಹಿಂದಕ್ಕೆ ಜರುಗಿತು. ಡಾಕ್ಟರ್ ಬಿಡಲಿಲ್ಲ. ಹತ್ತಿಯಿಂದ ಮುಟ್ಟಿದರು, ಕವೆಯಂಥ ಒಂದು ಕಬ್ಬಿಣವನ್ನು ತಟ್ಟಿ ಗುಂಯ್‌ಗುಡಿಸಿ ಹೆಬ್ಬೆರಳಿಗೆ ಇಟ್ಟರು. "ಗೊತ್ತಾಗುತ್ತಾ?" ಇಲ್ಲ. ಕಣಕಾಲಿಗೆ. ಇಲ್ಲ. ಮೊಣಕಾಲಿನ ಹತ್ತಿರ ಬಂದಾಗ ಅತ್ತೆ "ಹ್ಞಾಂ, ಈಗ ಗುಂಯ್ ಅಂತು" ಎಂದರು. ಪರೀಕ್ಷೆ ಮುಗಿದ ಕೂಡಲೇ ಡಾಕ್ಟರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಕಾಲು ಮುಟ್ಟಿಸಿಕೊಂಡ ಪಾಪ ಅಷ್ಟಕ್ಕೆ ಹೋಯಿತೆಂದು ಕಾಣುತ್ತದೆ.

ನರಗಳು ಸೋತಿವೆ, ಎಂದರು ಡಾಕ್ಟರ್. ವೈರಸ್ಸಿನಿಂದಲೂ ಆಗಿರಬಹುದು, ಹಿಂದೆ ಕೊಡುತ್ತಿದ್ದು ಈಗ ನಿಲ್ಲಿಸಿರುವ ಒಂದು ಮಾತ್ರೆಯಿಂದಲೂ ಆಗಿರಬಹುದು. ಮುಟ್ಟಿದ್ದು ತಿಳಿಯದೆಯೂ ಉರಿಯುವುದು ಹೀಗೇ. ನನಗೆ ಬೇಕಿದ್ದ ಉತ್ತರ ಸಿಕ್ಕಿತ್ತು: ಕಾಲು ಮೊದಲು. ಕೊಂಡಿ ಮುರಿದಿತ್ತು. ಮನಸ್ಸಿನಲ್ಲೇ ಅಮ್ಮನ ಎದುರು ನಿಂತು ಮಾತು ಶುರು ಮಾಡಿಬಿಟ್ಟಿದ್ದೆ.

"ನರದ ಉರಿಗೆ ಒಂದು ಮಾತ್ರೆ ಬರೀತೀನಿ. ಮಲಗೋ ಮುಂಚೆ ತಗೊಳ್ಳಿ," ಎಂದರು ಡಾಕ್ಟರ್. "ತೂಕಡಿಕೆ ಬರುತ್ತೆ. ಅದಕ್ಕೇ ಕೇಳ್ತೀನಿ, ಅಮಲು ಬರೋಂಥದ್ದು ಬೇರೆ ಏನಾದರೂ ತಗೋತಿದ್ರೆ ಈಗಲೇ ಹೇಳಿ. ಎರಡೂ ಸೇರಿದ್ರೆ ತಲೆ ತಿರುಗಿ ಬೀಳ್ತೀರಿ."

ನಾನು ತುಟಿ ಕಚ್ಚಿಕೊಂಡೆ. ಅತ್ತೆ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ತಮ್ಮ ಪಾದವನ್ನು.

"ದನಕ್ಕೆ ಒಂದು ಸೊಪ್ಪು ಕೊಡ್ತಾರೆ ನಮ್ಮ ಕಡೆ," ಎಂದರು. "ಭಂಗಿ ಅಂತ."

"ದನಕ್ಕೆ ತಾನೇ?"

"ನಮ್ಮಲ್ಲಿ ದನ ಇಲ್ಲ ಡಾಕ್ಟ್ರೇ."

ಡಾಕ್ಟರ್ ನಕ್ಕುಬಿಟ್ಟರು. ಆಮೇಲೆ ಗಂಭೀರವಾಗಿ ಎಷ್ಟು, ಯಾವಾಗ ಎಂದು ಕೇಳಿದರು. ಇದಕ್ಕಾಗಿ ಎಚ್.ಐ.ವಿ. ಮಾತ್ರೆಯನ್ನು ಯಾರೂ ನಿಲ್ಲಿಸುವುದಿಲ್ಲ, ನೀವೂ ನಿಲ್ಲಿಸಬೇಡಿ ಎಂದರು. ಅತ್ತೆಯ ಹೆಗಲು ಇಳಿದದ್ದು ನನಗೆ ಕಾಣಿಸಿತು. ಅಷ್ಟಕ್ಕೆ ನನ್ನ ಪ್ರತಿಜ್ಞೆಯೂ ಮುಗಿಯಿತು.

"ಡಾಕ್ಟರ್, ಅದರಿಂದ ನರದ ನೋವು ಕಡಿಮೆಯಾಗೋದು ನಿಜವಾ?"

"ಕೆಲವರಿಗೆ ಆಗುತ್ತೆ ಅಂತಾರೆ. ಎಲ್ಲರಿಗೂ ಅಂತ ಹೇಳೋ ಹಾಗಿಲ್ಲ."

"ಹಾಗಾದರೆ ನೀವ್ಯಾಕೆ ಬರೆದುಕೊಡಲ್ಲ?"

"ಬರೆದುಕೊಡೋ ಹಾಗಿಲ್ಲ. ಅಲ್ಲದೆ ನಿಮ್ಮತ್ತೆ ಕಟ್ಟೋ ಉಂಡೇಲಿ ಎಷ್ಟಿದೆ ಅಂತ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ನಿಮಗೆ ಗೊತ್ತಾ?"

"ಇವಳು ಡಿಬೇಟು," ಎಂದು ಅತ್ತೆ ಕ್ಷಮೆ ಕೇಳುವ ದನಿಯಲ್ಲಿ ಹೇಳಿದರು, ಅದೂ ಒಂದು ಕಾಯಿಲೆಯ ಹೆಸರೆಂಬಂತೆ. ಭಂಗಿಯನ್ನು ನಿಧಾನಕ್ಕೆ ಇಳಿಸಿಕೊಂಡು ಬರಬೇಕು, ಮಾತ್ರೆಯನ್ನು ನಿಧಾನಕ್ಕೆ ಏರಿಸಬೇಕು ಎಂದು ತೀರ್ಮಾನವಾಯಿತು.

ಮಧ್ಯಾಹ್ನ ದಾಟಿ ವಾಪಸು ಬಂದು ಅಂಗಡಿ ತೆಗೆದಾಗ ಒಬ್ಬ ಹೆಂಗಸು ಮಗಳ ಮದುವೆಗೆ ತನ್ನ ಬ್ಲೌಸು ಹೊಲಿಸಲು ಕಾಯುತ್ತಿದ್ದಳು. ಹಳೇ ಗಿರಾಕಿ, ಸಲುಗೆ ಜಾಸ್ತಿ.

"ಎಂತ ಅಕ್ಕಾ, ಇವತ್ತು ಭಂಗಿ ಬಿಡ್ಸೋ ಡಾಕ್ಟ್ರ ಹತ್ರ ಹೋಗಿದ್ರಾ? ಇಷ್ಟು ಕಾಲ ಆದ್ರೂ ಬಿಡ್ಸಕ್ಕೆ ಆಗಿಲ್ವಾ ಆ ಡಾಕ್ಟ್ರಿಗೆ?"

"ಆ ಡಾಕ್ಟ್ರಿಗೇ ತಿನ್ನಕ್ಕೆ ಕಲ್ಸಿ ಬಂದೆ ಮಾರಾಯ್ತಿ. ಕೈ ಎತ್ತು."

ಅವಳು ನಗುತ್ತಾ ಕೈ ಎತ್ತಿದಳು. ಅತ್ತೆ ಟೇಪು ಸುತ್ತಿದರು. ನನಗೆ ತಡೆಯಲಾಗಲಿಲ್ಲ. "ನೋಡಿ, ನೀವು ತಿಳಿದಿರೋದು ತಪ್ಪು. ಭಂಗಿಯಿಂದ ಅತ್ತೆ ಕಾಲು..." ಅಷ್ಟರಲ್ಲಿ ನನ್ನ ಕಾಲಿನ ಮೇಲೆ ಅತ್ತೆಯ ಹಿಮ್ಮಡಿ ಬಿತ್ತು. ಬಾಯಿ ಮುಚ್ಚಿಸಲು ಮೆಲ್ಲಗೆ ಒತ್ತಿದರೆ ಸಾಕಿತ್ತು, ಆದರೆ ಎಷ್ಟು ಒತ್ತಿದೆ ಎಂದು ಆ ಪಾದಕ್ಕೆ ತಿಳಿಯಬೇಕಲ್ಲ! ಕಣ್ಣಲ್ಲಿ ನೀರು ಬಂತು. ಹೆಂಗಸು "ಎಂತಾಯ್ತು ಕೂಸಿಗೆ?" ಎಂದು ಕೇಳಿದಾಗ "ಸೂಜಿ ತಾಗಿರ್ಬೇಕು" ಎಂದರು ಅತ್ತೆ.

ಆಕೆ ಹೋದ ಮೇಲೆ ಕಾಲು ತಿಕ್ಕಿಕೊಳ್ಳುತ್ತಾ ಕೇಳಿದೆ. "ಸುಳ್ಳು ಅಂತ ಗೊತ್ತಿದ್ದೂ ಯಾಕೆ ಸುಮ್ಮನಿರ್ತೀರಿ? ಅಮ್ಮ ಊರಿಡೀ ಹೇಳ್ಕೊಂಡು ಬರ್ತಾಳೆ. ನಾನು ಇವತ್ತೇ ಹೋಗಿ..."

"ಆ ಕತೆ ನಿನ್ನಮ್ಮಂಗೆ ಹೇಳಿದ್ಯಾರು ಅನ್ಕಂಡಿದೀಯ?"

ಕಾಲು ತಿಕ್ಕುವುದನ್ನು ನಿಲ್ಲಿಸಿದೆ.

"ನಾನೇ. ನಿನ್ನಪ್ಪ ಬ್ಯಾಡ ಅಂದ. ನಾನೇ ಹೇಳ್ದೆ. ನಿನ್ನಮ್ಮಂಗೆ ಹೇಳಿದ್ರೆ ಮೈಕು ಬ್ಯಾಡ ಅಂತ ಗೊತ್ತಿತ್ತು." ಅತ್ತೆ ಬೇಸಿನ್ನಿಗೆ ಕಾಲಿಟ್ಟರು. "ತಿಂಗಳು ತಿಂಗಳು ಬಸ್ಸು ಹತ್ತಿ ಆಸ್ಪತ್ರೆಗೆ ಹೋಗ್ತಾಳೆ, ಗಂಡ ಹಂಗೆ ಹೋದ, ಎಂತ ಕಾಯಿಲೆ ಇವಳಿಗೆ ಅಂತ ಶುರುವಾಗಿತ್ತು. ಭಂಗಿ ಅಂದೆ. ಬಿಡ್ಸಕ್ಕೆ ಡಾಕ್ಟ್ರ ಹತ್ರ ಹೋಗ್ತೀನಿ ಅಂದೆ. ಎಲ್ರಿಗೂ ಖುಷಿ. ಬೈದ್ರು, ನಗಾಡಿದ್ರು. ಕೈ ಎತ್ತದು ಬಿಡ್ಲಿಲ್ಲ."

ನಾನು ಕೆಡವಲು ಹೊರಟಿದ್ದ ವಾದವನ್ನು ಕಟ್ಟಿದವರೇ ಇವರು! ಕೊಂಡಿ ಸುಳ್ಳೆಂದು ತೋರಿಸಿದರೆ ಗೆಲ್ಲುವುದು ನಾನು, ಬಯಲಾಗುವುದು ಅತ್ತೆ. ಅಪ್ಪ ಪಂಪ್ ನೋಡಲು ಏಕೆ ಎದ್ದು ಹೋಗುತ್ತಾರೆಂದೂ ಆಗ ತಿಳಿಯಿತು. ಮನೆಗೆ ಹೋದೆ. ಅಮ್ಮ ಅದೇ ವಾಕ್ಯ ಹೇಳಿದಳು. ನಾನು ಪಂಪ್ ನೋಡಿ ಬರಲು ಎದ್ದೆ. ಅಪ್ಪ ಆಗಲೇ ಅಲ್ಲಿ ನಿಂತಿದ್ದರು.

ಮುಂದಿನ ರಜೆಗೆ ಬಂದಾಗ ನೀಲಿ ಬೇಸಿನ್ ಮಿಶನ್ನಿನ ಕೆಳಗಿರಲಿಲ್ಲ. ಹಿಂದಿನ ಬಾಗಿಲ ಬಳಿ ಬಟ್ಟೆ ತುಂಡು ತುಂಬಿಸಿಟ್ಟಿದ್ದರು. ಉರಿ ಪೂರ್ತಿ ಹೋಗಿಲ್ಲ, ಬಾಯಿ ಒಣಗುತ್ತದೆ, ಬೆಳಿಗ್ಗೆ ಏಳುವಾಗ ತಲೆ ಭಾರ. ಆದರೆ ಪೆಡಲ್ಲು ನಿಲ್ಲುವುದಿಲ್ಲ. ಇದು ಮಾತ್ರೆಯಿಂದಲೋ, ಡಾಕ್ಟರು ಕಾಲು ಮುಟ್ಟಿದ್ದರಿಂದಲೋ, ಹೇಳಿಕೊಂಡದ್ದರಿಂದಲೋ ಎಂದು ನಾನು ಈಗಲೂ ಯೋಚಿಸುತ್ತಿರುತ್ತೇನೆ. ಉಂಡೆಯ ಡಬ್ಬಿಯಲ್ಲಿ ಈಗ ಗುಂಡಿಗಳಿವೆ. ಕೆರೆಕಟ್ಟೆಯ ಮುದುಕ ಬಂದು "ದನ ಹೆಂಗದೆ?" ಎಂದಾಗ ಅತ್ತೆ "ಗುಣ ಆಯ್ತು, ಇನ್ನು ಬ್ಯಾಡ" ಎಂದರು. ಅವನು ಸ್ವಲ್ಪ ಬೇಜಾರು ಮಾಡಿಕೊಂಡು ಹೋದ.

ಅದೇ ಸಂಜೆ ಮದುವೆ ಬ್ಲೌಸಿನ ಹೆಂಗಸು ಬಂದಿದ್ದಳು. ಬಟ್ಟೆ ಕೊಟ್ಟು, ಸುತ್ತ ನೋಡಿ, "ಎಂತ ಅಕ್ಕಾ, ಬೇಸಿನ್ ಇಲ್ಲ! ಮುಖಕ್ಕೂ ಕಳೆ ಬಂದದೆ. ಬಿಟ್ಟೇಬಿಟ್ರಾ ಭಂಗಿ?" ಎಂದಳು. ಅತ್ತೆ ಏನೂ ಯೋಚಿಸದೆ, ಖುಷಿಯಲ್ಲೇ, "ಬಿಟ್ಟೆ ಮಾರಾಯ್ತಿ" ಎಂದುಬಿಟ್ಟರು. "ಅಬ್ಬಾ, ಅಂತೂ ಆ ಡಾಕ್ಟ್ರು ಗೆದ್ರು. ಇನ್ನು ಓಡಾಟ ಉಳೀತಲ್ಲ ನಿಮಗೆ," ಎಂದು ಹೇಳಿ ಆಕೆ ಬಸ್ಸಿಗೆ ಓಡಿದಳು.

ಅತ್ತೆ ಬಟ್ಟೆಯ ಮೇಲೆ ಚಾಕ್‌ನಿಂದ ಗೆರೆ ಎಳೆಯುತ್ತಿದ್ದವರು ಅರ್ಧಕ್ಕೆ ನಿಂತರು. ಮುಂದಿನ ವಾರವೇ ಎಚ್.ಐ.ವಿ. ಮಾತ್ರೆ ತರಲು ಹೋಗಬೇಕಿತ್ತು. ಅದನ್ನು ನಿಲ್ಲಿಸುವ ಹಾಗಿಲ್ಲ, ಎಂದಿಗೂ.

"ಭಂಗಿ ಬಿಟ್ಟಾಯ್ತು ಅಂದುಬಿಟ್ರಲ್ಲ ಅತ್ತೆ," ಎಂದು ನಾನು ಕೇಳಿದೆ. "ಇನ್ನು ತಿಂಗಳು ತಿಂಗಳು ಬಸ್ಸು ಹತ್ತಿ ಎಲ್ಲಿಗೆ ಹೋಗ್ತೀನಿ ಅಂತ ಹೇಳ್ತೀರಿ ಇವರಿಗೆಲ್ಲ?"